ಸಾಲಿನ ಕೊನೆಯ ಗುಂಡು

ಜೂನ್ 9

ಪ್ರೀತಿಯ ಮಗಳೇ,

ನಿನ್ನೆ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಗೋಡೆಗೆ ಒರಗಿದವಳಿಗೆ ಹಾಗೇ ಜೊಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಿನ್ನ ಮರದ ಗುಂಡುಗಳನ್ನು ಸಾಲಾಗಿ ಇಡುತ್ತಿದ್ದೇನೆ. ದೊಡ್ಡದು, ಅದಕ್ಕಿಂತ ಚಿಕ್ಕದು, ಅದಕ್ಕಿಂತ ಚಿಕ್ಕದು. ಸಾಲು ಕೋಣೆ ದಾಟಿ, ಹೊಲಿಗೆ ಯಂತ್ರಗಳ ಹಾಲ್ ದಾಟಿ, ಕಾರ್ಖಾನೆಯ ಗೇಟಿನವರೆಗೂ ಹೋಗಿದೆ. ನಾನು ಬಗ್ಗಿಕೊಂಡು ಅದರ ಕೊನೆ ಹುಡುಕುತ್ತಾ ನಡೆಯುತ್ತಿದ್ದೇನೆ. ಗುಂಡು ಸಾಸಿವೆಯಷ್ಟಾಯಿತು. ಆಮೇಲೆ ಕಣ್ಣಿಗೆ ಕಾಣಲೇ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತಿತ್ತು. ಹಿಂದಿನಿಂದ ಯಾರೋ, "ಆಯಮ್ಮಾ, ಕೊನೇದು ಸಿಕ್ತಾ?" ಎಂದು ಕೇಳಿದರು. ತಿರುಗಿ ನೋಡಿದರೆ ಹದಿನಾಲ್ಕು ಮಕ್ಕಳೂ ತುಟಿ ಬಿಗಿದುಕೊಂಡು ಕೂತಿದ್ದವು.

ಅಮ್ಮನಿಗೆ ಮತ್ತೆ ಶುರುವಾಯಿತು ಎಂದು ನೀನು ನಗುತ್ತೀಯ. ನಗು. ಆದರೆ ಪೂರ್ತಿ ಓದು. ನಿನ್ನ ಹಾಸ್ಟೆಲಿನ ಫೋನಿನ ಮುಂದೆ ಐದಾರು ಹುಡುಗಿಯರು ಸಾಲು ನಿಂತಿರುವಾಗ ಇದನ್ನೆಲ್ಲ ಹೇಳಲಾಗುವುದಿಲ್ಲ.

ನೀನು ತರಬೇತಿಗೆ ಹೋದ ಮರುದಿನವೇ ಮೇಲ್ವಿಚಾರಕಿ ಕರೆದು, ಹೊಸ ಟೀಚರ್ ಬರುವವರೆಗೆ ಕೆಲಸದವರ ಮಕ್ಕಳ ಕೋಣೆಯನ್ನು ನೀವೇ ನೋಡಿಕೊಳ್ಳಿ ಎಂದರು. ಉಣ್ಣಿಸಲು ಬರುತ್ತದೆ, ಮೂಗು ಒರೆಸಲು ಬರುತ್ತದೆ, ಪಾಠ ಏನು ಮಹಾ ಎಂದು ನಕ್ಕರು. ನಾನು ಮೂರನೇ ಕ್ಲಾಸು ಓದಿ, ಎರಡು ವರ್ಷ ತಮ್ಮಂದಿರ ತೊಟ್ಟಿಲು ತೂಗಿ, ಮತ್ತೆ ಹೋಗಿ ಅರ್ಧ ಐದನೇ ಕ್ಲಾಸಿನಲ್ಲಿ ಕೂತು ಎದ್ದು ಬಂದವಳು. ಆದರೆ ನಾಲ್ಕು ವರ್ಷ ನೆಲ ಒರೆಸುತ್ತಾ ನಿನ್ನ ಪಾಠ ಕೇಳಿದ್ದೇನಲ್ಲ. ಮೊದಲ ವಾರ ಎರಡೆರಡೇ ವಸ್ತು ಇಟ್ಟೆ. ಎರಡು ಚಮಚ, ಎರಡು ಮುಚ್ಚಳ, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಲ್ಲಿ ಎರಡು. ಇಸ್ತ್ರಿ ಮೇಜಿನವಳ ಮಗಳು, ನಮ್ಮ ಗುಬ್ಬಿ, ತನ್ನ ಚಮಚವನ್ನು ಇಷ್ಟು ಮುಂದೆ ತಳ್ಳಿ ತನ್ನದೇ ದೊಡ್ಡದು ಎಂದಳು. ನನಗೆ ಕೂಡಲೇ ಹೊಳೆಯಿತು, ನೀನು ಹೇಳುತ್ತಿದ್ದದ್ದು: ಮೊದಲು ಬುಡ ಸರಿ ಮಾಡಿ, ಆಮೇಲೆ ತುದಿ ನೋಡಿ. ಬುಡ ಸರಿ ಮಾಡಿದೆ. ಗುಬ್ಬಿಯದು ಚಿಕ್ಕದಾಯಿತು. ಅವಳು ಅಳಲಿಲ್ಲ, ಕೆಮ್ಮಿದಳು. ನೀನು ಹೋದಾಗಿನಿಂದ ಅವಳಿಗೆ ಸ್ವಲ್ಪ ಕೆಮ್ಮು.

ಪುಟ್ಟ ಮೇಡಂ ಗೊತ್ತಲ್ಲ, ನಿನ್ನ ಹಾಗೇ ಬೆರಳೆತ್ತಿ ಎಲ್ಲರನ್ನೂ ತಿದ್ದುವವಳು. ಮೂರು ಗುಂಡು ಇಟ್ಟು ಮಧ್ಯದ್ದನ್ನು ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು ಎಂದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಆಗ ಚಿಕ್ಕದು ಅಂದ್ರಿ, ಈಗ ದೊಡ್ಡದು ಅಂತೀರಿ. ನಿಮಗೆ ಗೊತ್ತಿದೆಯಾ, ಇಲ್ವಾ?" ಊಟದ ಹೊತ್ತಾಯಿತು ಎಂದು ಎಬ್ಬಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಗುಂಡಿನ ಚೀಲವನ್ನು ನಿನ್ನ ಕೊನೆಯ ದಿನದ ನಂತರ ನಾನು ಬಿಚ್ಚಿದ್ದು ಹೋದ ಶುಕ್ರವಾರವೇ. ಎಣಿಸಿದೆ, ಏಳು ಇದ್ದವು. ಬಾಗಿಲ ಹಿಂದೆ ನೀನು ನೇತುಹಾಕಿದ ಪೈಪಿನ ತುಂಡಿನಲ್ಲಿ ಒಂದೊಂದನ್ನೂ ತೂರಿಸಿ ನೋಡಿದೆ. ಯಾವುದೂ ತೂರಲಿಲ್ಲ. ಈ ಪೈಪಿನಲ್ಲಿ ತೂರುವ ಯಾವ ವಸ್ತುವೂ ಮಕ್ಕಳ ಕೋಣೆಯೊಳಗೆ ಬರಬಾರದು, ಗಂಟಲಿಗೆ ಹೋಗುತ್ತದೆ ಎಂದು ನೀನೇ ಮೊದಲ ದಿನ ಹೇಳಿದ್ದು ನನಗೆ ನೆನಪಿದೆ. ಸರಿ, ಸಾಲು ಮಾಡಿಸಿದೆ. ಪುಟ್ಟ ಮೇಡಂ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದಳು: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ. ಏಳಕ್ಕೆ ಏಳು ಸರಿಹೋಯಿತು. ಆಮೇಲೆ ಬರೀ ಚಾಪೆಯನ್ನು ನೋಡುತ್ತಾ, ತಂಗಿ ಮಲಗಿದ್ದಾಳೆ, ಪಾಪು ಮಲಗಿದೆ ಎಂದಳು. ಆಟ ಎಂದುಕೊಂಡು ನಾನೂ ತಲೆಯಾಡಿಸಿದೆ. ಮಾರನೆಯ ದಿನವೇ ಆ ಕನಸು.

ಚೀಲದಲ್ಲಿ ಇದ್ದದ್ದು ಏಳೇ ಅಲ್ಲವಾ? ಒಂದು ಸಾಲು ಬರೆದು ಹಾಕು. ನಿನ್ನ ಹಾಸಿಗೆ ಕಿಟಕಿಯ ಪಕ್ಕ ಇದ್ದರೆ ತಲೆದಿಂಬು ಈ ಕಡೆ ಹಾಕಿಕೊ, ಗಾಳಿ ನೇರ ಬಡಿಯಬಾರದು.

ಇಂತಿ,
ಅಮ್ಮ

ಜೂನ್ 20

ಅಮ್ಮಾ,

ಏಳೇ. ನೆಮ್ಮದಿಯಾಯಿತಾ?

ಬಡಗಿಗೆ ಕೊಡಲು ಒಂದೊಂದು ಗುಂಡಿನ ಅಳತೆಗೂ ಒಂದೊಂದು ವೃತ್ತ ಬರೆದ ನೋಟ್‌ಪುಸ್ತಕ ನನ್ನ ಪೆಟ್ಟಿಗೆಯಲ್ಲೇ ಇದೆ. ತೆಗೆದು ನೋಡಬೇಕಾಗಿಯೂ ಇಲ್ಲ, ನನಗೆ ಬಾಯಿಪಾಠ. ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನ ಬಡಗಿಯ ಹಿಂದೆ ಒಂದು ತಿಂಗಳು ತಿರುಗಿ ಮಾಡಿಸಿದ್ದು, ಮರೆಯುತ್ತೇನಾ?

ಪುಟ್ಟ ಮೇಡಂಗೆ ಹೀಗೆ ಹೇಳು. ದೊಡ್ಡದು, ಚಿಕ್ಕದು ಎಂಬುದು ಗುಂಡಿನ ಹೆಸರಲ್ಲ. ಅದು ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ. "ಇದಕ್ಕಿಂತ" ಎನ್ನುವ ಮಾತನ್ನು ಪ್ರತಿ ಸಲ ಸೇರಿಸಿ ಹೇಳು, ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಇದನ್ನೇ ಮೂರು ದಿನ ಪಾಠ ಮಾಡಿದರು. ಕೊನೆಗೆ ನಮ್ಮನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. ನಾನು ಕೊನೆಯವಳು. ನಗಬೇಡ.

ಮಧ್ಯಾಹ್ನ ಮಲಗಬೇಡ. ಹಗಲು ನಿದ್ದೆಗೇ ನಿನಗೆ ಇಂಥ ಕನಸು ಬೀಳುವುದು.

ನಿನ್ನ
ಮಗಳು

ಜುಲೈ 8

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದ ದಿನ ಎರಡು ತುತ್ತು ಹೆಚ್ಚಿಗೆ ಉಂಡೆ. ಏಳೇ ಎಂದು ಬರೆದಿದ್ದ ಸಾಲನ್ನು ಕತ್ತರಿಸಿ ಮಕ್ಕಳ ಕೋಣೆಗೆ ತೆಗೆದುಕೊಂಡು ಹೋಗಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಮೇಲ್ವಿಚಾರಕಿ ಓದಿ, ಮಗಳ ಕೈಬರಹ ಎಷ್ಟು ದುಂಡಗಿದೆ ಎಂದರು.

"ಇದಕ್ಕಿಂತ" ಸೇರಿಸಿದ ಮೇಲೆ ಮಕ್ಕಳಿಗೆ ಚೆನ್ನಾಗಿ ಹತ್ತಿತು. ಈಗ ಯಾವುದನ್ನೂ ಬಿಡುತ್ತಿಲ್ಲ. ಕಾವಲುಗಾರನ ಹೊಟ್ಟೆ ಮೇಲ್ವಿಚಾರಕಿಯ ಹೊಟ್ಟೆಗಿಂತ ದೊಡ್ಡದು ಎಂದು ಗೇಟಿನಲ್ಲೇ ಘೋಷಣೆ ಆಯಿತು. ನಾನು ಕೇಳಿಸದವಳ ಹಾಗೆ ಹೊರಟುಬಂದೆ.

ಆದರೆ ಮಗಳೇ, ಮೊನ್ನೆ ಒಂದು ಆಟ ಆಡಿಸಿದೆ. ಮಕ್ಕಳು ಕಣ್ಣು ಮುಚ್ಚಬೇಕು, ನಾನು ಒಂದು ಗುಂಡನ್ನು ಮಡಿಲಲ್ಲಿ ಬಚ್ಚಿಡಬೇಕು, ಅವು ಕಣ್ಣು ತೆರೆದು ಯಾವುದು ಹೋಯಿತು ಎಂದು ಹೇಳಬೇಕು. ನಾಲ್ಕನೆಯದನ್ನು ತೆಗೆದೆ. ಅಮ್ಮ ಇಲ್ಲ, ಅಮ್ಮ ಇಲ್ಲ ಎಂದು ಎಲ್ಲವೂ ಕೂಗಿದವು. ಎರಡನೆಯದನ್ನು ತೆಗೆದೆ, ಅಜ್ಜಿ ಇಲ್ಲ ಎಂದವು. ಕೊನೆಗೆ ಏಳನೆಯದನ್ನು ತೆಗೆದೆ. ಎಲ್ಲವೂ ಸಾಲನ್ನು ನೋಡಿದವು, ನನ್ನ ಮುಖ ನೋಡಿದವು, ಎಲ್ಲಾ ಇದೆ ಎಂದವು. ಮಧ್ಯದ್ದು ಹೋದರೆ ಆ ಜಾಗದಲ್ಲಿ ದೊಡ್ಡ ಮೆಟ್ಟಿಲು ಬೀಳುತ್ತದೆ, ಕಣ್ಣು ಎಡವುತ್ತದೆ. ಕೊನೆಯದು ಹೋದರೆ ಅದರ ಹಿಂದಿನದು ತಾನೇ ಕೊನೆಯದು ಎಂದು ಸುಮ್ಮನೆ ಕೂತುಬಿಡುತ್ತದೆ. ಸಾಲು ಏನೂ ಆಗದವರ ಹಾಗೆ ಇರುತ್ತದೆ.

ಪುಟ್ಟ ಮೇಡಂ ಒಬ್ಬಳೇ, ತಮ್ಮ ನಿಮ್ಮ ಮಡಿಲಲ್ಲಿದ್ದಾನೆ ಎಂದಳು. ತೆಗೆದು ಇಟ್ಟೆ. ಸರಿಹೋಯಿತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

"ಪಾಪು ಬಂದಿಲ್ಲ."

ಪಾಪು ಎಲ್ಲಿ ಎಂದು ಕೇಳಿದರೆ ಮಲಗಿದೆ ಎಂದಳು. ಎಲ್ಲಿ ಮಲಗಿದೆ ಎಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸದ್ದು ಮಾಡಬಾರದು ಎನ್ನುತ್ತಿದ್ದಾಳೆ ಎಂದುಕೊಂಡೆ. ಆದರೂ ಮಕ್ಕಳು ಹೋದ ಮೇಲೆ ಚಾಪೆಗಳನ್ನೆಲ್ಲ ಎತ್ತಿ ಒದರಿದೆ. ಆಟದ ಡಬ್ಬಿಗಳನ್ನು ಬೋರಲು ಹಾಕಿದೆ. ಮೋರಿಯ ಜಾಲರಿ ಬಿಚ್ಚಿ ಕೈ ಹಾಕಿದೆ. ಒಂದು ಪೆನ್ಸಿಲ್ ತುಂಡು, ನಿನ್ನ ಒಂದು ಹೇರ್‌ಪಿನ್ ಸಿಕ್ಕಿತು. ಪಿನ್ ತೊಳೆದು ಇಟ್ಟಿದ್ದೇನೆ.

ಗುಬ್ಬಿಯ ಕೆಮ್ಮು ನಿಂತಿಲ್ಲ. ಮಲಗಿದಾಗ ಹೆಚ್ಚು. ಕೆಮ್ಮುವಾಗ ಒಳಗೆ ಒಂದು ಸಣ್ಣ ಸೀಟಿ ಊದಿದ ಹಾಗೆ ಕೇಳುತ್ತದೆ. ಕಾರ್ಖಾನೆಯ ಡಾಕ್ಟರು ಬಟ್ಟೆಯ ಧೂಳು ಎಂದು ಔಷಧಿ ಬದಲಾಯಿಸಿದರು, ಇದು ಮೂರನೇ ಬಾಟಲಿ. ಅವಳಮ್ಮ ಇಸ್ತ್ರಿಯ ಹಬೆಯಲ್ಲಿ ದಿನವಿಡೀ ನಿಂತವಳು, ತನ್ನ ಬಟ್ಟೆಯಿಂದಲೇ ಮಗುವಿಗೆ ಧೂಳು ಹತ್ತುತ್ತಿದೆ ಎಂದು ಈಗ ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳುತ್ತಾಳೆ. ಅದನ್ನು ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತೇನೆ.

ಹದಿನಾಲ್ಕು ಮಕ್ಕಳಲ್ಲಿ ಕೆಮ್ಮು ಇವಳೊಬ್ಬಳಿಗೇ ಯಾಕೆ? ಧೂಳು ಎಲ್ಲರಿಗೂ ಒಂದೇ ಅಲ್ಲವಾ? ಆ ನೋಟ್‌ಪುಸ್ತಕವನ್ನು ಒಮ್ಮೆ ತೆಗೆದು ನೋಡು.

ನಿನ್ನ ದಾರಿ ಕಾಯುವ
ಅಮ್ಮ

ಜುಲೈ 16

ಅಮ್ಮಾ,

ನಾನು ಚಿಕ್ಕವಳಿದ್ದಾಗ ಒಂದು ಸೇಫ್ಟಿ ಪಿನ್ನು ಕಾಣಲಿಲ್ಲ ಎಂದು ನೀನು ನೀರಿನ ತೊಟ್ಟಿ ಖಾಲಿ ಮಾಡಿಸಿದ್ದೆ. ಬೀದಿಯವರೆಲ್ಲ ಕೊಡ ಹಿಡಿದುಕೊಂಡು ನಿಂತಿದ್ದರು. ಪಿನ್ನು ನಿನ್ನ ಬಟ್ಟೆಯಲ್ಲೇ ಇತ್ತು. ಬಾಗಿಲು ಹಾಕಿದ್ದೇನಾ ಎಂದು ಬಸ್ ಸ್ಟಾಪಿನಿಂದ ಮೂರು ಸಲ ವಾಪಸು ಹೋದದ್ದು, ನನ್ನ ಜ್ವರ ಇಳಿದ ಮೇಲೂ ಒಂದು ವಾರ ಹಣೆ ಮುಟ್ಟಿ ಮುಟ್ಟಿ ನೋಡಿದ್ದು, ಎಲ್ಲ ನೆನಪಿಸಿಕೊ. ಆಗಲೂ ಏನೂ ಆಗಿರಲಿಲ್ಲ.

ಮಕ್ಕಳಿಗೆ ಸಂಸಾರ ಕಟ್ಟುವ ಆಟ ಇಷ್ಟ. ಅಜ್ಜ ಅಜ್ಜಿ ಇದ್ದ ಮೇಲೆ ಪಾಪು ಬೇಕೇ ಬೇಕು. ಇದ್ದರೂ ಇಲ್ಲದಿದ್ದರೂ ಇದೆ ಎನ್ನುತ್ತವೆ. ಇದು ನಮ್ಮ ಪುಸ್ತಕದಲ್ಲೇ ಬರೆದಿದೆ.

ಏಳು ಎಂದು ಹೇಳಿದೆನಲ್ಲ. ಸೆಪ್ಟೆಂಬರಿನಲ್ಲಿ ಪರೀಕ್ಷೆ. ದಯವಿಟ್ಟು ಇದನ್ನೇ ಮತ್ತೆ ಮತ್ತೆ ಕೇಳಬೇಡ.

ಮಗಳು

ಆಗಸ್ಟ್ 2

ಮಗಳೇ,

ಕೇಳಬೇಡ ಎಂದಿದ್ದೀಯ. ಎರಡು ವಾರ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಬೈದುಕೊ.

ಗುಬ್ಬಿಗೆ ಜ್ವರ ಬಂದು ಎಂಟು ದಿನ. ಶನಿವಾರ ಅವಳಮ್ಮನ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ದೀಪದ ಮುಂದೆ ಹಿಡಿದು ನೋಡಿ, ಬಲಗಡೆ ಸ್ವಲ್ಪ ಮಬ್ಬಾಗಿದೆ, ಕಫ ಕಟ್ಟಿದೆ, ಬೇರೇನೂ ಇಲ್ಲ ಎಂದರು. ಇಸ್ತ್ರಿ ಮೇಜಿನವಳು ನನ್ನ ಕೈ ಹಿಡಿದುಕೊಂಡು, ನೋಡಿದ್ರಾ ಅಕ್ಕ, ಏನೂ ಇಲ್ವಂತೆ ಎಂದು ಅತ್ತಳು. ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿ ವಾಪಸು ಎಕ್ಸ್‌ರೇ ಕೋಣೆಗೆ ಹೋದೆ. ಅಲ್ಲಿ ಎಕ್ಸ್‌ರೇ ಫಿಲ್ಮುಗಳನ್ನು ಜೋಡಿಸುತ್ತಿದ್ದವನನ್ನು, ಇದರಲ್ಲಿ ಮರ ಕಾಣಿಸುತ್ತದಾ ಎಂದು ಕೇಳಿದೆ.

"ಎಲುಬು ಕಾಣುತ್ತೆ, ಕಬ್ಬಿಣ ಕಾಣುತ್ತೆ. ಮರ ಕಾಣೋದು ಕಷ್ಟ ಅಮ್ಮ. ಯಾಕೆ, ಮಗು ಏನಾದ್ರೂ ನುಂಗಿದ್ಯಾ?"

ಹೌದು ಎನ್ನಲಾಗಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ. ಏಳು ಇದೆ ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಮುಂದಿನವರನ್ನು ಕರೆದ.

ನಿನ್ನೆ ಮಗುವನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದಾರೆ, ಧೂಳು ಬರಬಾರದಂತೆ. ಗುಬ್ಬಿ ಎಚ್ಚರವಾಗಿ ಮಲಗಿದ್ದಳು. ನಾನು ಅವಳ ಎಡಗಡೆ ಎದೆಗೆ ಕಿವಿಯಿಟ್ಟೆ, ಆಮೇಲೆ ಬಲಗಡೆ. ಮತ್ತೆ ಎಡಗಡೆ. ಪಾಠ ಮಾಡಿ ಮಾಡಿ ನನಗೂ ಅದೇ ಚಾಳಿಯಾಗಿದೆ, ಬುಡ ಸರಿ ಮಾಡಿ ತುದಿ ನೋಡುವುದು. ಎಡಗಡೆಯ ಉಸಿರು ದೊಡ್ಡದು. ಬಲಗಡೆಯದು ಅದಕ್ಕಿಂತ ಚಿಕ್ಕದು. ಸಣ್ಣ ವ್ಯತ್ಯಾಸವಲ್ಲ, ಆ ಪುಟ್ಟ ಮೇಡಂ ಕೂಡ ಹೇಳುವಷ್ಟು. ಒಂದೇ ಮಗುವಿನ ಎದೆಯಲ್ಲಿ ಎರಡು ಅಳತೆಯ ಉಸಿರು ಯಾಕಿರಬೇಕು?

ಗುಬ್ಬಿ ನನ್ನ ಕಿವಿ ಹಿಡಿದುಕೊಂಡು, "ಆಯಮ್ಮ, ಪಾಪು ಎದ್ದಿದೆಯಾ?" ಎಂದು ಕೇಳಿದಳು.

ಮಗಳೇ, ನಾನು ನಿನ್ನ ಟೀಚರಮ್ಮ ಅಲ್ಲ, ಮೇಲ್ವಿಚಾರಕಿ ಅಲ್ಲ. ಕಪಾಟಿಗೆ ಅಂಟಿಸಿದ್ದ ನಿನ್ನ ಅಕ್ಷರವನ್ನು ಇವತ್ತು ಬೆಳಿಗ್ಗೆ ಕಿತ್ತೆ. ಯಾಕೆ ಕಿತ್ತೆ ಎಂದು ನನಗೇ ಗೊತ್ತಿಲ್ಲ. ಪೈಪಿನಲ್ಲಿ ತೂರುವ ಗುಂಡು ಆ ಚೀಲದಲ್ಲಿ ಇತ್ತಾ, ಇರಲಿಲ್ಲವಾ? ಬೇರೇನೂ ಬರೆಯಬೇಡ. ಅಷ್ಟೇ ಬರೆ.

ಅಮ್ಮ

ಆಗಸ್ಟ್ 9

ಅಮ್ಮಾ,

ಇತ್ತು.

ಎಂಟನೆಯದು. ಏಳು ಮುಗಿದ ಮೇಲೆ ಮರ ಉಳಿದಿದೆ ಎಂದು ಬಡಗಿ ಅಂದಾಗ ವೃತ್ತಗಳ ಅದೇ ಹಾಳೆಯಲ್ಲಿ ಮುಂದಕ್ಕೆ ಬರೆದುಕೊಟ್ಟೆ, ಅವನು ಕಡೆದುಕೊಟ್ಟ. ಗೋಲಿಯಷ್ಟಿತ್ತು. ಪೈಪಿನೊಳಗೆ ಹಾಕಿದೆ, ಜಾರಿ ಕೆಳಗೆ ಬಿತ್ತು. ಅವತ್ತೇ ಎಸೆಯಬೇಕಿತ್ತು. ಆದರೆ ಆ ವಾರ ತಪಾಸಣೆಗೆ ಬರುವವರಿದ್ದರು. ಸಾಲು ಉದ್ದವಿದ್ದಷ್ಟೂ ಚೆನ್ನಾಗಿ ಕಾಣುತ್ತದೆ ಎಂದು ಇಟ್ಟೆ. ಬಂದವರು ಹೊಗಳಿದರು. ಅದರಿಂದಲೇ ನನಗೆ ಈ ತರಬೇತಿ ಸಿಕ್ಕಿದ್ದು, ನಿನಗೆ ಗೊತ್ತಿಲ್ಲ. ತಪಾಸಣೆ ಮುಗಿದ ಮೇಲೆ ತೆಗೆದಿಡುತ್ತೇನೆ ಎಂದುಕೊಂಡೆ. ಪಾಪು ಪಾಪು ಎಂದು ಮಕ್ಕಳು ಅದನ್ನೇ ಮೊದಲು ಎತ್ತಿಕೊಳ್ಳುತ್ತಿದ್ದವು, ತೆಗೆಯಲಿಲ್ಲ. ಕೊನೆಯ ದಿನ ಕಾಗದಗಳಿಗೆ ಸಹಿ ಹಾಕಲು ಆಫೀಸಿಗೆ ಕರೆದರು. ಚೀಲ ಚಾಪೆಯ ಮೇಲೆ ತೆರೆದೇ ಇತ್ತು. ಹತ್ತು ನಿಮಿಷ. ನೀನು ಆಗ ತಟ್ಟೆ ತೊಳೆಯುತ್ತಿದ್ದೆ. ವಾಪಸು ಬಂದು ಎಣಿಸದೆ ಬಾಚಿ ತುಂಬಿದೆ.

ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಎಂಟನೆಯದು ನೆನಪಾಯಿತು. ಎಲ್ಲೋ ಉರುಳಿ ಹೋಗಿರುತ್ತದೆ ಎಂದು ಏಳು ಎಂದು ಬರೆದೆ. ಒಮ್ಮೆ ಬರೆದ ಮೇಲೆ ಅದೇ ನಿಜ ಅನ್ನಿಸತೊಡಗಿತು. ನೋಟ್‌ಪುಸ್ತಕ ಪೆಟ್ಟಿಗೆಯ ತಳದಲ್ಲಿದೆ. ತೆಗೆಯಲು ಕೈ ಬರುತ್ತಿಲ್ಲ.

ಆದರೆ ಅಮ್ಮ, ಗೋಲಿಯಷ್ಟು ದೊಡ್ಡದು ಎದೆಯೊಳಗೆ ಇಳಿದು ಎರಡು ತಿಂಗಳು ಕೂರುವುದಿಲ್ಲ. ಪಾಠಕ್ಕೆ ಬೇಕು ಎಂಬಂತೆ ಇಲ್ಲಿನ ಡಾಕ್ಟರರನ್ನು ಕೇಳಿದೆ. ಅಷ್ಟು ದೊಡ್ಡದಾದರೆ ಆ ಕ್ಷಣವೇ ಉಸಿರು ಕಟ್ಟುತ್ತದೆ, ಇಲ್ಲವೇ ಹೊಟ್ಟೆಗೆ ಹೋಗಿ ಹೊರಗೆ ಬರುತ್ತದೆ ಎಂದರು. ಆದ್ದರಿಂದ ಗುಬ್ಬಿಯದು ಬೇರೆಯೇ ಕಾಯಿಲೆ ಇರಬೇಕು. ಸೆಪ್ಟೆಂಬರ್ ಮುಗಿಯುವವರೆಗೆ ಯಾರಿಗೂ ಹೇಳಬೇಡ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ನಾನೇ ಬಂದು ಎಲ್ಲರ ಮುಂದೆ ಹೇಳುತ್ತೇನೆ. ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ.

ನಿನ್ನ ಮಗಳು

ಆಗಸ್ಟ್ 17

ಮಗಳೇ,

ಹೇಳಿಬಿಟ್ಟೆ.

ನಿನ್ನ ಕಾಗದ ಬುಧವಾರ ಮಧ್ಯಾಹ್ನ ಬಂತು. ಓದಿ ಮಡಚಿ ಇಟ್ಟು, ಮಕ್ಕಳಿಗೆ ಹಾಲು ಕೊಟ್ಟೆ, ಲೋಟ ತೊಳೆದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆನಂತೆ, ಕಾವಲುಗಾರ ಹೇಳಿದ. ನಾಳೆ ಹೇಳಿದರಾಯಿತು, ಸೆಪ್ಟೆಂಬರ್ ಏನು ದೂರವಿದೆ ಎಂದು ನಾನೂ ಒಂದು ಗಂಟೆ ನನ್ನನ್ನೇ ಒಪ್ಪಿಸಿದೆ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವಾ. ಆಮೇಲೆ ಇಸ್ತ್ರಿ ಮೇಜಿನ ಬಳಿ ಹೋಗಿ ಅವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ತೆಗೆದಿಟ್ಟು ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಹೇಳದೆ ಇರಲು ದಾರಿಯಿರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಏಳು ಅಂತ ಕಪಾಟಿಗೆ ಅಂಟಿಸಿದ್ರಲ್ಲ ಅಕ್ಕ," ಎಂದಳು ಅಷ್ಟೇ.

ಅವತ್ತೇ ದೊಡ್ಡ ಆಸ್ಪತ್ರೆಗೆ ಹೋದೆವು. ಮರ ಎಂದು ಹೇಳಿದ ಕೂಡಲೇ ಅಲ್ಲಿನ ಡಾಕ್ಟರು ಬೇರೇನೂ ಕೇಳಲಿಲ್ಲ, ಮಂಚ ತಳ್ಳಿಕೊಂಡು ಓಡಿದರು. ಬಾಯಿಂದ ಕೊಳವೆ ಇಳಿಸಿ ತೆಗೆದರು. ಬಲಗಡೆಯ ಶ್ವಾಸದ ದಾರಿಯಲ್ಲಿ ಅಡ್ಡ ಕೂತಿತ್ತಂತೆ, ಅದರ ಕೆಳಗೆಲ್ಲ ಕೀವು. ಇನ್ನೊಂದು ವಾರ ತಡವಾಗಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಗುಬ್ಬಿ ಉಳಿಯುತ್ತಾಳೆ ಎಂದು ನಿನ್ನೆ ಹೇಳಿದ್ದಾರೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಇನ್ನೂ ದನಿ ಬಂದಿಲ್ಲ, ತುಟಿಯಲ್ಲೇ ಮಾತಾಡುತ್ತಾಳೆ.

ಇಲ್ಲಿಗೆ ಮುಗಿಯಿತು ಎಂದು ಮೇಲ್ವಿಚಾರಕಿ ಹೇಳುತ್ತಿದ್ದಾರೆ. ನನಗೆ ಮುಗಿದಿಲ್ಲ.

ತೆಗೆದದ್ದನ್ನು ಡಾಕ್ಟರು ಒಂದು ಸೀಸೆಯಲ್ಲಿ ಹಾಕಿ ತೋರಿಸಿದರು. ನಾನು ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಬಟಾಣಿಯಷ್ಟಿತ್ತು. ಗೋಲಿಯಷ್ಟಲ್ಲ ಮಗಳೇ, ಬಟಾಣಿಯಷ್ಟು. ಒದ್ದೆಯಲ್ಲಿದ್ದು ಸವೆದು ಚಿಕ್ಕದಾಗಿದೆಯಾ ಎಂದು ಕೇಳಿದೆ. ಇಲ್ಲವಂತೆ. ಮರ ಒದ್ದೆಯಲ್ಲಿ ಊದಿಕೊಳ್ಳುತ್ತದೆ, ಒಳಗೆ ಹೋದಾಗ ಇನ್ನೂ ಚಿಕ್ಕದಿದ್ದಿರಬೇಕು ಎಂದರು. ಗೋಲಿಯಷ್ಟು ದೊಡ್ಡದು ಅಲ್ಲಿ ಇಳಿಯಲು ಸಾಧ್ಯವೇ ಇಲ್ಲ ಎಂದು ಅವರೂ ಹೇಳಿದರು. ನಿನಗೆ ಅಲ್ಲಿನ ಡಾಕ್ಟರು ಹೇಳಿದ್ದು ಸರಿಯೇ ಇತ್ತು.

ಮಕ್ಕಳ ಕೋಣೆ ಬುಧವಾರದಿಂದ ಮುಚ್ಚಿದೆ. ಇವತ್ತು ಬೆಳಿಗ್ಗೆ ಬೀಗ ತೆಗೆಸಿ ಒಬ್ಬಳೇ ಕೂತು ಏಳೂ ಗುಂಡನ್ನು ಸಾಲಾಗಿ ಇಟ್ಟೆ. ಮಕ್ಕಳ ಜೇಡಿಮಣ್ಣಿನಲ್ಲಿ ಬಟಾಣಿಯಷ್ಟು ಒಂದು ಉಂಡೆ ಮಾಡಿ ಏಳನೆಯದರ ಪಕ್ಕ ಇಟ್ಟೆ. ಕಣ್ಣು ಎಡವಿತು. ನಾನು ಅವತ್ತು ಮಧ್ಯದ ಗುಂಡನ್ನು ಮಡಿಲಲ್ಲಿ ಬಚ್ಚಿಟ್ಟಾಗ ಬಿದ್ದಿತ್ತಲ್ಲ, ಅಂಥದೇ ಮೆಟ್ಟಿಲು. ಆಮೇಲೆ ಗೋಲಿಯಷ್ಟು ಇನ್ನೊಂದು ಉಂಡೆ ಮಾಡಿ ಎರಡರ ನಡುವೆ ಇಟ್ಟೆ. ಸಾಲು ಸರಿಹೋಯಿತು. ಅಜ್ಜನಿಂದ ಹಿಡಿದು ಕೊನೆಯವರೆಗೂ ಒಂದೇ ಸಮನೆ ಇಳಿಯಿತು. ಒಂಬತ್ತು.

ಅಷ್ಟರಲ್ಲಿ ಪುಟ್ಟ ಮೇಡಂ ಬಂದಳು, ಬಿಟ್ಟುಹೋದ ಚಪ್ಪಲಿ ತೆಗೆದುಕೊಳ್ಳಲು ಅವಳಮ್ಮ ಕರೆತಂದಿದ್ದರು. ಬಾಗಿಲಲ್ಲಿ ನಿಂತು ಸಾಲನ್ನು ನೋಡಿದಳು. ನಾನು ಏನೂ ಹೇಳಿಕೊಡಲಿಲ್ಲ, ನಿನ್ನಾಣೆಗೂ ಹೇಳಿಕೊಡಲಿಲ್ಲ. ಒಂದೊಂದನ್ನೇ ಮುಟ್ಟುತ್ತಾ ಬಂದು ಏಳನೆಯದನ್ನು ತಮ್ಮ ಎಂದಳು. ಗೋಲಿಯಷ್ಟಿದ್ದದ್ದನ್ನು ತಂಗಿ ಎಂದಳು. ಬಟಾಣಿಯಷ್ಟಿದ್ದದ್ದನ್ನು ಪಾಪು ಎಂದಳು. ಮೊದಲ ದಿನವೇ ಇಬ್ಬರ ಹೆಸರನ್ನೂ ಹೇಳಿದ್ದಳು ಮಗಳೇ, ನಾನೇ ನಿನಗೆ ಬರೆದಿದ್ದೆ. ಆಮೇಲೆ ಪಾಪುವಿನ ಗಡಿಬಿಡಿಯಲ್ಲಿ ತಂಗಿಯನ್ನು ನಾನೂ ಮರೆತೆ, ನೀನೂ ಮರೆತೆ.

ನಾನು ಮೆಲ್ಲಗೆ, ಪಾಪು ಎಲ್ಲಿ ಮಲಗಿತ್ತು ಎಂದು ಕೇಳಿದೆ. ಗುಬ್ಬಿ ಬಾಯಲ್ಲಿ, ಬೆಚ್ಚಗಿರುತ್ತೆ ಅಂತ ಎಂದಳು. ಅವತ್ತು ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದರ ಅರ್ಥ ಇದಾಗಿತ್ತು. ತಂಗಿ ಎಲ್ಲಿ ಎಂದು ಕೇಳಿದೆ. ಮಲಗಿದ್ದಾಳೆ ಎಂದಳು. ಎಲ್ಲಿ, ಯಾರ ಹತ್ತಿರ ಎಂದು ಕೇಳಿದೆ. ಅವಳು ಬೆರಳೆತ್ತಿ ನನ್ನನ್ನು ತಿದ್ದಿದಳು.

"ಹೇಳಬಾರದು ಆಯಮ್ಮ. ಹೇಳಿದ್ರೆ ಎದ್ದುಬಿಡ್ತಾಳೆ."

ಅವಳಮ್ಮ ಗದರಿ ಕೇಳಿದರು, ನಾನು ಬಿಸ್ಕತ್ತು ಕೊಟ್ಟು ಕೇಳಿದೆ. ಚಪ್ಪಲಿ ಹಾಕಿಕೊಂಡು ಹೊರಟುಹೋದಳು. ಆಮೇಲೆ ನಾನು ಕೋಣೆಯನ್ನು ಮೂರು ಸಲ ಗುಡಿಸಿದೆ. ದಿಂಬುಗಳ ಹೊಲಿಗೆ ಬಿಚ್ಚಿ ಹತ್ತಿ ಹರಡಿ ನೋಡಿದೆ. ಎಲ್ಲೂ ಇಲ್ಲ. ಬಡಗಿಯನ್ನು ಕೇಳೋಣವೆಂದರೆ ಅವನು ಕೆಲಸ ಬಿಟ್ಟು ಹೋಗಿದ್ದಾನೆ, ಎಲ್ಲಿದ್ದಾನೆಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಯಾರಿಗೂ ತಿಳಿಯದು. ಮೇಲ್ವಿಚಾರಕಿಗೆ ಹೇಳಿದೆ. ಎಂಟು ಎಂದು ನಿಮ್ಮ ಮಗಳೇ ಒಪ್ಪಿದ್ದಾಳೆ, ಎಂಟೂ ಸಿಕ್ಕಿತು, ನಾಲ್ಕು ವರ್ಷದ ಮಗುವಿನ ಮಾತು ಕಟ್ಟಿಕೊಂಡು ಕೋಣೆ ಮುಚ್ಚಿಡಲಾಗುವುದಿಲ್ಲ, ಕೆಲಸದವರು ಮಕ್ಕಳನ್ನು ಎಲ್ಲಿ ಬಿಡಬೇಕು ಎಂದರು. ಸೋಮವಾರ ತೆರೆಯುತ್ತಾರೆ. ಹದಿಮೂರು ಮಕ್ಕಳು ಬರುತ್ತವೆ. ಅದು ಅವುಗಳಲ್ಲಿ ಯಾವುದರದ್ದೋ ಜೇಬಿನಲ್ಲಿದೆಯೋ, ಮುಷ್ಟಿಯಲ್ಲಿದೆಯೋ, ಮಲಗುವ ಹೊತ್ತಿಗೆ ದಿನವೂ ಕೆನ್ನೆಯೊಳಗೆ ಹೋಗಿ ಬರುತ್ತಿದೆಯೋ. ನಿನಗೆ ಆ ಡಾಕ್ಟರು ಹೇಳಿದ್ದರಲ್ಲ, ಅಷ್ಟು ದೊಡ್ಡದಾದರೆ ಆ ಕ್ಷಣವೇ ಎಂದು.

ನೀನು ಬರೆದದ್ದು ಸುಳ್ಳು ಎನ್ನುತ್ತಿಲ್ಲ. ಮೊದಲು ಏಳು ಎಂದೆ, ಆಮೇಲೆ ಎಂಟು ಎಂದೆ. ಎರಡು ಸಲವೂ ನೋಟ್‌ಪುಸ್ತಕ ತೆರೆಯದೆ ಬರೆದೆ. ಇವತ್ತು ನಿನಗೆ ಫೋನ್ ಮಾಡಲು ಆಫೀಸಿಗೆ ಹೋಗಿ, ಕೈಯಲ್ಲಿ ಹಿಡಿದು ಮತ್ತೆ ಇಟ್ಟುಬಂದೆ. ಫೋನಿನಲ್ಲಿ ಕೇಳಿದರೆ ನೀನು ಹೆದರಿ ಕೂಡಲೇ ಏನೋ ಒಂದು ಹೇಳಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬಟ್ಟೆ ಲಾರಿಯ ಡ್ರೈವರ್ ನಿನ್ನ ಊರಿನ ಮೇಲೇ ಹೋಗುತ್ತಾನೆ, ಕಾಗದವನ್ನು ನಿನ್ನ ಕೈಗೇ ಕೊಡುತ್ತಾನೆ. ಭಾನುವಾರ ಸಂಜೆ ವಾಪಸು ಬರುವಾಗ ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಉತ್ತರ ಕೊಟ್ಟು ಕಳಿಸು. ಸೋಮವಾರ ಬೆಳಿಗ್ಗೆ ಅದು ನನ್ನ ಕೈಯಲ್ಲಿದ್ದರೆ ಆ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಇಲ್ಲದಿದ್ದರೆ ನನ್ನ ಮಾತು ಯಾರೂ ಕೇಳುವುದಿಲ್ಲ, ಯಾವಾಗಲೂ ಹೆದರುವವಳು ಎಂದು ಎಲ್ಲರಿಗೂ ಗೊತ್ತು.

ಗುಬ್ಬಿಯ ಅಮ್ಮ ನಿನ್ನ ಬಗ್ಗೆ ಕೇಳಿದಳು. ಪರೀಕ್ಷೆ ಯಾವಾಗ ಎಂದು ಕೇಳಿದಳು, ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ಏನೇ ಆಗಲಿ ನೀನು ನನ್ನ ಮಗಳು, ಆ ಲೆಕ್ಕದಲ್ಲಿ ತಪ್ಪಿಲ್ಲ.

ಅಮ್ಮ

ಪೆಟ್ಟಿಗೆಯ ತಳದಿಂದ ಆ ನೋಟ್‌ಪುಸ್ತಕ ತೆಗೆ. ಬಡಗಿಗಾಗಿ ಬರೆದ ವೃತ್ತಗಳ ಹಾಳೆಯಲ್ಲಿ ಏಳನೆಯದರ ಆಚೆ ಎಷ್ಟು ವೃತ್ತಗಳಿವೆ, ಒಂದೊಂದರ ಮೇಲೂ ಬೆರಳಿಟ್ಟು ಮತ್ತೊಮ್ಮೆ ಎಣಿಸಿ ನೋಡು.